ಕಾಳು ಮತ್ತು ಕಣಿಕೆ: ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹಿಂಗಾರಿ ಜೋಳ ಹಾಗೂ ಉತ್ಪರಿವರ್ತಿತ ತಳಿಗಳು

ಪೀಠಿಕೆ

ಗದಗ ಜಿಲ್ಲೆಯ ರೋಣ ಮತ್ತು ನರಗುಂದ ತಾಲ್ಲೂಕುಗಳು ಹಾಗೂ ರೋಣದಿಂದ ಬೇರ್ಪಟ್ಟ ಗಜೇಂದ್ರಗಡ ತಾಲ್ಲೂಕು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿವೆ. ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಆಸುಪಾಸಿನಲ್ಲಿದ್ದು, ಅದರ ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ನರಗುಂದ ಮತ್ತು ರೋಣದ ಹೆಚ್ಚಿನ ಭಾಗ ಆಳವಾದ ಎರೆ ಭೂಮಿ. ಗಜೇಂದ್ರಗಡದ ಗುಡ್ಡಗಳ ಸುತ್ತ ಮಸಾರಿ ಹಾಗೂ ತೆಳುವಾದ ಭೂಮಿಯೂ ಇದೆ. ಮಲಪ್ರಭಾ ಕಾಲುವೆಯ ನೀರು ನರಗುಂದದ ಮತ್ತು ರೋಣದ ಕೆಲವು ಗ್ರಾಮಗಳಿಗೆ ತಲುಪುತ್ತದೆಯಾದರೂ, ಮೂರೂ ತಾಲ್ಲೂಕುಗಳ ಬೇಸಾಯದ ಆಧಾರ ಎರೆ ಭೂಮಿ ಹಿಡಿದಿಟ್ಟುಕೊಳ್ಳುವ ಹಸಿಯೇ ಆಗಿದೆ.

ಇಂತಹ ಭೂಮಿಯಲ್ಲಿ ಮುಂಗಾರಿನಲ್ಲಿ ಹೆಸರು ತೆಗೆದು, ಹಿಂಗಾರಿನಲ್ಲಿ ಜೋಳ, ಕಡಲೆ, ಗೋಧಿ, ಕುಸುಬೆ ಬಿತ್ತುವುದು ರೂಢಿ. ಇವುಗಳಲ್ಲಿ ಜೋಳಕ್ಕೆ ವಿಶೇಷ ಸ್ಥಾನವಿದೆ. ಅದು ಮನೆಗೆ ರೊಟ್ಟಿಯನ್ನೂ ಕೊಟ್ಟಿಗೆಗೆ ಕಣಿಕೆಯನ್ನೂ ಒಂದೇ ಹೊಲದಿಂದ ಕೊಡುತ್ತದೆ. ಆದುದರಿಂದ ಈ ಭಾಗಕ್ಕೆ ಹೊಸ ತಳಿಯೊಂದನ್ನು ಶಿಫಾರಸು ಮಾಡುವಾಗ ಎಕರೆಗೆ ಎಷ್ಟು ಚೀಲ ಕಾಳು ಬರುತ್ತದೆ ಎಂಬ ಲೆಕ್ಕ ಮಾತ್ರ ಸಾಲದು. ಕಣಿಕೆ ಎಷ್ಟು ಬರುತ್ತದೆ, ಅದನ್ನು ದನ ತಿನ್ನುತ್ತದೆಯೇ, ತಿಂದದ್ದು ಮೈಗೆ ಹತ್ತುತ್ತದೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ಕಾಳು ಮತ್ತು ಮೇವು ಎರಡನ್ನೂ ಒಟ್ಟಿಗೆ ಸುಧಾರಿಸುವ ಪ್ರಯತ್ನಗಳಲ್ಲಿ ಉತ್ಪರಿವರ್ತನೆ ಎಂಬ ವಿಧಾನದ ಪಾತ್ರವೇನು, ಅದು ಈ ಮೂರು ತಾಲ್ಲೂಕುಗಳ ರೈತರಿಗೆ ಎಷ್ಟರಮಟ್ಟಿಗೆ ಉಪಯುಕ್ತ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೇವಿನ ಲೆಕ್ಕ

ಸುಮಾರು 400 ಕಿ.ಗ್ರಾಂ. ತೂಕದ ಎತ್ತಿಗೆ ದಿನಕ್ಕೆ ಅದರ ತೂಕದ ಶೇ. 2ರಷ್ಟು, ಅಂದರೆ 8 ಕಿ.ಗ್ರಾಂ. ಒಣ ಪದಾರ್ಥ ಬೇಕು. ಒಂದು ಜೋಡಿ ಎತ್ತಿಗೆ ದಿನಕ್ಕೆ 16 ಕಿ.ಗ್ರಾಂ. ಸುಗ್ಗಿ ಮುಗಿದ ಮೇಲೆ ಮುಂಗಾರು ಹಸಿರು ಕಾಣುವವರೆಗಿನ 150 ದಿನಗಳಿಗೆ 2.4 ಟನ್ ಆಗುತ್ತದೆ. ಮಳೆ ಅನುಕೂಲವಾದ ವರ್ಷದಲ್ಲಿ ಒಣ ಬೇಸಾಯದ ಹಿಂಗಾರಿ ಜೋಳ ಎಕರೆಗೆ ಒಂದೂವರೆಯಿಂದ ಎರಡು ಟನ್ ಕಣಿಕೆ ಕೊಡಬಹುದು. ಅಂದರೆ ಒಂದು ಜೋಡಿ ಎತ್ತನ್ನು ಬೇಸಿಗೆ ದಾಟಿಸಲು ಒಂದು ಎಕರೆ ಜೋಳ ಸಾಲದು. ಎಮ್ಮೆಯೊಂದು ಇದ್ದರೆ ಲೆಕ್ಕ ಇನ್ನೂ ಬೆಳೆಯುತ್ತದೆ.

ಹಿಂಗಾರಿನಲ್ಲಿ ಜೋಳದ ಜಾಗಕ್ಕೆ ಕಡಲೆ ಬಂದಂತೆಲ್ಲ ಈ ಕೊರತೆ ಹೆಚ್ಚಾಗುತ್ತಾ ಹೋಗಿದೆ. ಕಡಲೆಗೆ ಮಾರುಕಟ್ಟೆ ಇದೆ, ಕೂಲಿ ಕಡಿಮೆ, ರಾಶಿಯನ್ನು ಯಂತ್ರದಿಂದ ಮುಗಿಸಬಹುದು. ಆದರೆ ಅದರಿಂದ ದೊರೆಯುವುದು ಸ್ವಲ್ಪ ಹೊಟ್ಟು ಮಾತ್ರ. ಜೋಳದ ಬಣವೆ ಇಲ್ಲದ ಮನೆ ಬರಗಾಲದಲ್ಲಿ ಮೇವನ್ನು ಕೊಳ್ಳಬೇಕು, ಇಲ್ಲವೇ ದನವನ್ನು ಸಂತೆಗೆ ಹೊಡೆಯಬೇಕು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಬರ ಇಷ್ಟು ವ್ಯಾಪಕವಾದಾಗ ನೆರೆಯ ಜಿಲ್ಲೆಯಿಂದ ಮೇವು ತರಿಸುವುದೂ ಕಷ್ಟ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯಿಂದ ಭತ್ತದ ಹುಲ್ಲು ಬರುವುದಾದರೂ, ಜೋಳದ ಕಣಿಕೆ ತಿಂದು ಬೆಳೆದ ದನ ಅದನ್ನು ಮನಸ್ಸಿಟ್ಟು ತಿನ್ನುವುದಿಲ್ಲ ಎಂಬ ರೈತರ ಮಾತಿನಲ್ಲಿ ಹುರುಳಿದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಅಂಶ ಬಹಳ. ಜೋಳದಲ್ಲಿ ಗರಿಯೇ ಉತ್ತಮ ಮೇವು, ದಂಟು ಅದಕ್ಕಿಂತ ಕೆಳಗಿನದು. ಭತ್ತದಲ್ಲಿ ಇದು ತಿರುವುಮುರುವು: ಗರಿಯಲ್ಲಿ ಸಿಲಿಕಾ ಹೆಚ್ಚಾಗಿರುವುದರಿಂದ ದಂಟಿಗಿಂತ ಗರಿಯೇ ಕಡಿಮೆ ಜೀರ್ಣವಾಗುತ್ತದೆ.

ಎಂ 35-1 ಉಳಿದುಕೊಂಡ ಬಗೆ

ಈ ಭಾಗದ ರೈತರು ಮಾಲದಂಡಿ ಎಂದು ಕರೆಯುವ ಎಂ 35-1 ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳ ಸಂಶೋಧನಾ ಕೇಂದ್ರದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆಯ್ಕೆ ಮಾಡಲಾಯಿತು. ಮಹಾರಾಷ್ಟ್ರ, ಕರ್ನಾಟಕ ಮತ್ತು ಆಂಧ್ರದ ಎರೆ ಭೂಮಿಯಲ್ಲಿ ಅದು ಎಂಟು ದಶಕಗಳಿಗೂ ಮೀರಿ ಬೆಳೆಯುತ್ತಾ ಬಂದಿದೆ. ಕೃಷಿ ವಿಜ್ಞಾನದಲ್ಲಿ ಒಂದು ತಳಿಗೆ ಇಷ್ಟು ದೀರ್ಘ ಆಯುಷ್ಯ ಅಪರೂಪ.

ದೇಶದ ಮೊದಲ ಸಂಕರಣ ಜೋಳ ಸಿ.ಎಸ್.ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಗಿಡ್ಡ ಕಾಂಡ, ಅಲ್ಪಾವಧಿ, ಹೆಚ್ಚು ಕಾಳು ಇವು ಅದರ ಗುಣಗಳು. ಮುಂಗಾರಿನಲ್ಲಿ ಸಂಕರಣ ತಳಿಗಳು ಬೇಗನೆ ಹರಡಿದವು. ಹಿಂಗಾರಿಗಾಗಿಯೇ ಸಿದ್ಧಪಡಿಸಿದ ಸಂಕರಣ ತಳಿಗಳೂ ಒಂದರ ಹಿಂದೊಂದು ಬಂದವು. ಆದರೆ ಅವು ಎರೆ ಭೂಮಿಯಲ್ಲಿ ನೆಲೆಯೂರಲಿಲ್ಲ. ಸುಳಿ ನೊಣದ ಬಾಧೆ, ಡಿಸೆಂಬರ್ ಚಳಿಯಲ್ಲಿ ಕಾಳು ಸರಿಯಾಗಿ ಕಟ್ಟದಿರುವುದು, ರೊಟ್ಟಿಗೆ ಬೇಕಾದ ಮುತ್ತಿನಂತಹ ಬಿಳಿ ಹೊಳಪು ಇಲ್ಲದಿರುವುದು ಇದಕ್ಕೆ ಕಾರಣಗಳು. ಇವುಗಳ ಜೊತೆಗೆ ಕಣಿಕೆಯ ಪ್ರಶ್ನೆಯೂ ಇತ್ತು. ಪೈರು ಕಟ್ಟುವ ಒಟ್ಟು ಒಣ ಪದಾರ್ಥ ಹೆಚ್ಚದೆ, ಅದರಲ್ಲಿ ಕಾಳಿನ ಪಾಲು ಮಾತ್ರ ಹೆಚ್ಚಿದರೆ ಮೇವಿನ ಪಾಲು ಕಡಿಮೆಯಾಗಲೇಬೇಕು. ತಳಿ ಪರೀಕ್ಷೆಯ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿದ್ದ ತಳಿಯನ್ನು ರೈತರು ಬಿತ್ತದೆ ಬಿಟ್ಟಾಗ ಅದನ್ನು ಹಳೆಯದಕ್ಕೆ ಅಂಟಿಕೊಳ್ಳುವ ಸ್ವಭಾವವೆಂದು ಬಗೆದವರೂ ಇದ್ದರು. ವಾಸ್ತವವಾಗಿ ರೈತರು ಹೊಲದ ಪೂರ್ಣ ಆದಾಯವನ್ನು ಲೆಕ್ಕ ಹಾಕಿದ್ದರು. ಪರೀಕ್ಷೆಯ ಪಟ್ಟಿಯಲ್ಲಿ ಅದರ ಒಂದು ಭಾಗ ಮಾತ್ರ ಇತ್ತು.

ಎಂ 35-1 ದೋಷರಹಿತ ತಳಿಯೇನೂ ಅಲ್ಲ. ಕಾಳು ತುಂಬುವ ಹೊತ್ತಿಗೆ ಭೂಮಿಯ ಹಸಿ ಆರಿದರೆ ಇದ್ದಿಲು ಕೊಳೆ ರೋಗ ಕಾಂಡದ ಬುಡಕ್ಕೆ ತಗಲಿ ಪೈರು ನೆಲಕ್ಕೆ ಬೀಳುತ್ತದೆ. ಬಿದ್ದ ಪೈರಿನಲ್ಲಿ ಕಾಳೂ ಜೊಳ್ಳು, ಕಣಿಕೆಯೂ ಹಾಳು. ತೆಳು ಭೂಮಿಯಲ್ಲಿ ಅದರ 115ರಿಂದ 120 ದಿನಗಳ ಅವಧಿ ಹೆಚ್ಚಾಗುತ್ತದೆ. ಎಲ್ಲ ಗುಣಗಳೂ ಚೆನ್ನಾಗಿದ್ದು, ಒಂದೆರಡು ದೋಷಗಳು ಮಾತ್ರ ತಿದ್ದಬೇಕಾಗಿರುವ ಇಂತಹ ಸಂದರ್ಭದಲ್ಲಿಯೇ ಉತ್ಪರಿವರ್ತನೆಯ ವಿಧಾನ ನೆನಪಿಗೆ ಬರುವುದು. ಬೇರೆ ತಳಿಯೊಂದಿಗೆ ಸಂಕರಣ ಮಾಡಿದರೆ ಬೇಕಾದ ಗುಣದ ಜೊತೆ ಬೇಡದ ಹತ್ತಾರು ಗುಣಗಳೂ ಒಳಬರುತ್ತವೆ. ಉತ್ಪರಿವರ್ತನೆಯಲ್ಲಿ ಮೂಲ ತಳಿಯ ಬಹುಪಾಲು ಹಾಗೆಯೇ ಉಳಿಯುತ್ತದೆ.

ಉತ್ಪರಿವರ್ತನೆ ಎಂದರೇನು?

ಸಸ್ಯದ ವಂಶವಾಹಿಗಳಲ್ಲಿ ಒಮ್ಮೊಮ್ಮೆ ತಾನಾಗಿಯೇ ಬದಲಾವಣೆ ಉಂಟಾಗಿ ಅದು ಮುಂದಿನ ಪೀಳಿಗೆಗೆ ಇಳಿಯುತ್ತದೆ. ಇದೇ ಉತ್ಪರಿವರ್ತನೆ. ನಿಸರ್ಗದಲ್ಲಿ ಇದು ಬಹಳ ವಿರಳ. ಕ್ಷ-ಕಿರಣಗಳಿಂದ ಇದರ ಪ್ರಮಾಣವನ್ನು ಹೆಚ್ಚಿಸಬಹುದು ಎಂಬುದನ್ನು 1927ರಲ್ಲಿ ಮುಲ್ಲರ್ ಹಣ್ಣಿನ ನೊಣದಲ್ಲಿಯೂ, 1928ರಲ್ಲಿ ಸ್ಟ್ಯಾಡ್ಲರ್ ಬಾರ್ಲಿ ಮತ್ತು ಮೆಕ್ಕೆಜೋಳದಲ್ಲಿಯೂ ತೋರಿಸಿದರು. ಇತ್ತೀಚಿನ ದಶಕಗಳಲ್ಲಿ ಕೋಬಾಲ್ಟ್-60ರಿಂದ ಹೊಮ್ಮುವ ಗಾಮಾ ಕಿರಣ ಅಥವಾ ಕೆಲವು ರಾಸಾಯನಿಕ ದ್ರಾವಣಗಳನ್ನು ಬಳಸುವುದು ಹೆಚ್ಚು ರೂಢಿಯಲ್ಲಿದೆ.

ಕೆಲಸದ ಕ್ರಮ ಹೀಗಿರುತ್ತದೆ. ಒಳ್ಳೆಯ ತಳಿಯ ಒಣ ಬೀಜಗಳನ್ನು ನಿಗದಿತ ಪ್ರಮಾಣದ ಕಿರಣಕ್ಕೆ ಒಡ್ಡಿ ಬಿತ್ತಲಾಗುತ್ತದೆ. ಪ್ರಮಾಣ ಹೆಚ್ಚಾದರೆ ಸಸಿಗಳು ಸಾಯುತ್ತವೆ, ಕಡಿಮೆಯಾದರೆ ಬದಲಾವಣೆ ಕಾಣುವುದಿಲ್ಲ. ಮೊದಲ ಪೀಳಿಗೆಯಲ್ಲಿ ಸಾಮಾನ್ಯವಾಗಿ ಹೊಸ ಗುಣ ಹೊರಗೆ ಕಾಣದು. ಜೋಳದಲ್ಲಿ ಸ್ವಲ್ಪ ಪ್ರಮಾಣದ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ ಪ್ರತಿ ತೆನೆಗೂ ಕಾಗದದ ಚೀಲ ಕಟ್ಟಿ, ಅದೇ ಗಿಡದ ಪರಾಗದಿಂದ ಕಾಳು ಕಟ್ಟುವಂತೆ ನೋಡಿಕೊಳ್ಳಲಾಗುತ್ತದೆ. ಎರಡನೆಯ ಪೀಳಿಗೆಯಲ್ಲಿ ಸಾವಿರಾರು ಗಿಡಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಹೆಚ್ಚಿನ ಬದಲಾವಣೆಗಳು ಕೆಡುಕೇ: ಬಿಳಿಚಿಕೊಂಡ ಸಸಿ, ಬಂಜೆ ತೆನೆ, ಕುಂಠಿತ ಬೆಳವಣಿಗೆ. ಉಪಯುಕ್ತವಾದದ್ದು ಸಾವಿರಕ್ಕೆ ಒಂದೋ ಎರಡೋ ಸಿಕ್ಕರೆ ಅದೇ ದೊಡ್ಡದು. ಅದನ್ನು ಮುಂದಿನ ಪೀಳಿಗೆಗಳಲ್ಲಿ ಸ್ಥಿರಗೊಳಿಸಿ, ಹಲವು ಕೇಂದ್ರಗಳಲ್ಲಿ ಹಲವು ವರ್ಷ ಪರೀಕ್ಷಿಸಿದ ನಂತರವೇ ಬಿಡುಗಡೆಯ ಮಾತು.

ವಿಕಿರಣಕ್ಕೆ ಒಳಗಾದ ಬೀಜದಲ್ಲಿ ವಿಕಿರಣ ಉಳಿಯುವುದಿಲ್ಲ, ಆದ್ದರಿಂದ ಆ ತಳಿಯ ಕಾಳನ್ನಾಗಲಿ ಮೇವನ್ನಾಗಲಿ ಬಳಸಲು ಅಂಜಬೇಕಾಗಿಲ್ಲ. ಉತ್ಪರಿವರ್ತಿತ ತಳಿಯೂ ಕುಲಾಂತರಿ ತಳಿಯೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಬಿ.ಟಿ. ಹತ್ತಿಯಲ್ಲಿರುವಂತೆ ಬೇರೆ ಜೀವಿಯ ವಂಶವಾಹಿಯನ್ನು ಇಲ್ಲಿ ಸೇರಿಸಿರುವುದಿಲ್ಲ. ಈ ಜಿಲ್ಲೆಯ ಶೇಂಗಾ ಬೆಳೆಗಾರರಿಗೆ ಇಂತಹ ತಳಿಗಳು ಹೊಸವಲ್ಲ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಟಿ.ಎ.ಜಿ-24, ಹಾಗೂ ಆ ಕೇಂದ್ರವು ಧಾರವಾಡದ ಕೃಷಿ ವಿಶ್ವವಿದ್ಯಾಲಯದೊಂದಿಗೆ ಹೊರತಂದ ಟಿ.ಡಿ.ಜಿ-39 ಶೇಂಗಾ ತಳಿಗಳು ಈ ವಿಧಾನದ ಬಳಕೆಯಿಂದಲೇ ರೂಪುಗೊಂಡವು.

ಭತ್ತದಲ್ಲಿ ಆದದ್ದು

ಉತ್ಪರಿವರ್ತನೆಯಿಂದ ಅತಿ ಹೆಚ್ಚು ತಳಿಗಳು ಹೊರಬಂದಿರುವ ಬೆಳೆ ಭತ್ತ. ಜಪಾನಿನಲ್ಲಿ 1966ರಲ್ಲಿ ಬಿಡುಗಡೆಯಾದ ರೇಮೇ ತಳಿಯನ್ನು ಫುಜಿಮಿನೋರಿ ಎಂಬ ತಳಿಗೆ ಗಾಮಾ ಕಿರಣ ಹಾಯಿಸಿ ಪಡೆಯಲಾಯಿತು. ಅದರ ಕಾಂಡ ಮೂಲ ತಳಿಗಿಂತ ಸುಮಾರು 15 ಸೆಂ.ಮೀ. ಗಿಡ್ಡ. ಒಡಿಶಾದ ಟಿ 141 ತಳಿಯಿಂದ ಕ್ಷ-ಕಿರಣದ ಮೂಲಕ ಜಗನ್ನಾಥ ತಳಿ ರೂಪುಗೊಂಡಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಕ್ಯಾಲ್‌ರೋಸ್ 76 ಬಂತು. ಇವೆಲ್ಲವುಗಳಲ್ಲಿಯೂ ಸಾಧಿಸಿದ್ದು ಒಂದೇ: ಎತ್ತರ ಕಡಿಮೆ ಮಾಡಿ, ಗೊಬ್ಬರ ಹಾಕಿದರೂ ಪೈರು ಬೀಳದಂತೆ ನೋಡಿಕೊಂಡು ಕಾಳಿನ ಇಳುವರಿ ಏರಿಸುವುದು. ನೀರಾವರಿ ಗದ್ದೆಗಳಲ್ಲಿ ಹುಲ್ಲು ಬೇಕಾದಷ್ಟು ಸಿಗುವುದರಿಂದ ಅದರ ಪಾಲು ಸ್ವಲ್ಪ ತಗ್ಗಿದರೂ ರೈತರಿಗೆ ಅದು ಹೊರೆಯಾಗಲಿಲ್ಲ.

ಮೇವಿನ ದೃಷ್ಟಿಯಿಂದ ಭತ್ತದ ಇನ್ನೊಂದು ಬಗೆಯ ಉತ್ಪರಿವರ್ತನೆ ಗಮನಾರ್ಹ. ಕೆಲವು ಗಿಡಗಳ ಕಾಂಡ ಬಾಗದೆ ಫಟ್ಟನೆ ಮುರಿಯುತ್ತದೆ. ಇಂತಹ ಪೆಡಸು ಕಾಂಡದ ಭತ್ತದಲ್ಲಿ ಕೋಶಭಿತ್ತಿಯ ಸೆಲ್ಯುಲೋಸ್ ರಚನೆಯೇ ಬದಲಾಗಿರುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯೊಂದನ್ನು 2003ರಲ್ಲಿ ಚೀನಾದ ವಿಜ್ಞಾನಿಗಳು ಗುರುತಿಸಿದರು. ಸುಲಭವಾಗಿ ಪುಡಿಯಾಗುವ ಹುಲ್ಲು ದನದ ಹೊಟ್ಟೆಯಲ್ಲಿಯೂ ಸುಲಭವಾಗಿ ಜೀರ್ಣವಾಗಬಹುದೆಂಬ ನಿರೀಕ್ಷೆಯಿಂದ ಇವುಗಳ ಅಧ್ಯಯನ ಮುಂದುವರಿಯಿತು. ಎತ್ತರವನ್ನು ಬದಲಿಸದೆ ಕಾಂಡದ ಒಳಗಿನ ಗುಣವನ್ನು ಬದಲಿಸಬಹುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ರೋಣ, ನರಗುಂದದ ಜೋಳಕ್ಕೆ ಬೇಕಾಗಿರುವುದು ಈ ಎರಡನೆಯ ದಾರಿ. ಇಲ್ಲಿ ಪೈರು ಗಿಡ್ಡವಾದರೆ ಬಣವೆಯೂ ಗಿಡ್ಡವಾಗುತ್ತದೆ.

ಜೋಳದಲ್ಲಿ ಮೇವಿನ ಗುಣ

ಕಣಿಕೆಯ ಗುಣ ನಿರ್ಧಾರವಾಗುವುದು ಮುಖ್ಯವಾಗಿ ಅದರ ಜೀರ್ಣಶೀಲತೆಯಿಂದ. ಪೈರು ಬಲಿತಂತೆ ಕಾಂಡದ ಕೋಶಭಿತ್ತಿಯಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಸೇರಿಕೊಳ್ಳುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯಲಾರವು. ಜೋಳದ ದಂಟನ್ನು ತಿರುಚಿ, ಕಡಿದು, ರುಚಿ ನೋಡಿ ಕಣಿಕೆ ಕೊಳ್ಳುವ ಹಳ್ಳಿಯ ಪದ್ಧತಿ ಇದನ್ನೇ ಅಳೆಯುವ ಬಗೆ. ಹೈದರಾಬಾದಿನ ಮೇವಿನ ಮಾರುಕಟ್ಟೆಯಲ್ಲಿ 2004-05ರ ಸುಮಾರಿಗೆ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಿಂಗಳು ತಿಂಗಳು ಜೋಳದ ಕಣಿಕೆಯ ಬೆಲೆ ಬರೆದುಕೊಂಡು, ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಜೀರ್ಣಶೀಲತೆ ಶೇ. 47ರಷ್ಟಿದ್ದ ಕಣಿಕೆಗಿಂತ ಶೇ. 52ರಷ್ಟಿದ್ದ ಕಣಿಕೆಗೆ ಕಾಲು ಪಾಲಿನಷ್ಟು ಹೆಚ್ಚು ಬೆಲೆ ದೊರೆಯುತ್ತಿತ್ತು. ವ್ಯಾಪಾರಿಗಳ ಬಳಿ ಯಾವ ಉಪಕರಣವೂ ಇರಲಿಲ್ಲ. ಶೇ. 5ರ ಅಂತರ ಕಾಗದದ ಮೇಲೆ ಅಲ್ಪವೆನಿಸಿದರೂ ಹಾಲಿನ ಎಮ್ಮೆ ಸಾಕಿದವರಿಗೆ ಅದು ಅಲ್ಪವಲ್ಲ.

ಲಿಗ್ನಿನ್ ಕಡಿಮೆ ಇರುವ ಜೋಳವನ್ನು ಉತ್ಪರಿವರ್ತನೆಯಿಂದ ಪಡೆಯುವ ಪ್ರಯತ್ನ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಯಶಸ್ವಿಯಾಗಿ, 1978ರಲ್ಲಿ ಅದರ ವರದಿ ಪ್ರಕಟವಾಯಿತು. ರಾಸಾಯನಿಕ ದ್ರಾವಣದಿಂದ ಉಪಚರಿಸಿದ ಜೋಳದ ಸಂತತಿಯಲ್ಲಿ ಗರಿಯ ನಡುನಾಳ ಕಂದು ಬಣ್ಣಕ್ಕೆ ತಿರುಗಿದ ಗಿಡಗಳು ಕಂಡುಬಂದವು. ಅವುಗಳ ಲಿಗ್ನಿನ್ ಕಡಿಮೆ, ಜೀರ್ಣಶೀಲತೆ ಹೆಚ್ಚು. ಕಂದು ನಡುನಾಳದ ಈ ಗುಣವನ್ನು ಬಿ.ಎಂ.ಆರ್. ಎಂಬ ಸಂಕ್ಷಿಪ್ತ ಹೆಸರಿನಿಂದ ಗುರುತಿಸಲಾಗುತ್ತದೆ. ಬರಿಗಣ್ಣಿಗೆ ಕಾಣುವ ಗುರುತಾದ್ದರಿಂದ ಹೊಲದಲ್ಲಿ ಆಯ್ಕೆ ಸುಲಭ. ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆಯು ಹಸಿಮೇವಿಗಾಗಿ ಸಿ.ಎಸ್.ವಿ-43 ಬಿ.ಎಂ.ಆರ್. ತಳಿಯನ್ನು ಹೊರತಂದಿದೆ. ಆದರೆ ಇದೇ ಗುಣವನ್ನು ಹಿಂಗಾರಿ ಜೋಳಕ್ಕೆ ತರುವಾಗ ಎಚ್ಚರಿಕೆ ಬೇಕು. ಲಿಗ್ನಿನ್ ಪೈರಿನ ಬೆನ್ನೆಲುಬೂ ಹೌದು. ಈ ಗುಣದ ಕೆಲವು ರೂಪಗಳಲ್ಲಿ ಇಳುವರಿ ಕುಗ್ಗಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನಾಲ್ಕು ತಿಂಗಳು ಹೊಲದಲ್ಲಿ ನಿಂತು ಭಾರವಾದ ತೆನೆ ಹೊರಬೇಕಾದ ಪೈರಿಗೂ, 65 ದಿನಕ್ಕೆ ಕೊಯ್ಯುವ ಹಸಿಮೇವಿಗೂ ಬೇಕಾದ ಕಾಂಡ ಒಂದೇ ಅಲ್ಲ.

ಹಿಂಗಾರಿ ಜೋಳಕ್ಕೆ ಇನ್ನೂ ಹೆಚ್ಚು ಹೊಂದುವ ಗುಣವೆಂದರೆ ಕಾಳು ಬಲಿತ ಮೇಲೂ ಗರಿ ಹಸಿರಾಗಿ ಉಳಿಯುವುದು. ಇಂತಹ ಪೈರು ಕೊನೆಯ ಹಂತದ ಬರವನ್ನು ತಾಳುತ್ತದೆ, ಇದ್ದಿಲು ಕೊಳೆಗೆ ಸುಲಭವಾಗಿ ತುತ್ತಾಗುವುದಿಲ್ಲ. ಇಥಿಯೋಪಿಯಾ ಮೂಲದ ಜೋಳದಿಂದ ಬಂದ ಈ ಗುಣವನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯು ಹಿಂಗಾರಿ ಸಾಲುಗಳಿಗೆ ವರ್ಗಾಯಿಸಿ ಪರೀಕ್ಷಿಸಿತು. ಕಾಳಿಗೆ ಧಕ್ಕೆಯಾಗದೆ ಕಣಿಕೆಯ ಜೀರ್ಣಶೀಲತೆ ಹೆಚ್ಚಿದ ಸಾಲುಗಳೂ ಅದರಲ್ಲಿ ದೊರೆತವು. ಇದು ಉತ್ಪರಿವರ್ತನೆಯ ಕೆಲಸವಲ್ಲ, ಸಂಕರಣದ್ದು. ಎರಡೂ ವಿಧಾನಗಳು ಪರಸ್ಪರ ಪೂರಕ ಎಂಬುದಕ್ಕೆ ಇದನ್ನು ಇಲ್ಲಿ ಹೇಳಬೇಕಾಯಿತು.

ಇಂಡೊನೇಷ್ಯಾದ ಅಣುಶಕ್ತಿ ಸಂಸ್ಥೆಯು ಗಾಮಾ ಕಿರಣದಿಂದ ಪಡೆದ ಪಹಾತ್ (2013), ಸಮುರಾಯ್-1 ಮತ್ತು ಸಮುರಾಯ್-2 (2014) ಜೋಳದ ತಳಿಗಳನ್ನು ಆಹಾರ ಮತ್ತು ಮೇವು ಎರಡಕ್ಕೂ ಉಪಯೋಗಿಸುವ ಉದ್ದೇಶದಿಂದ ಬಿಡುಗಡೆ ಮಾಡಿತು. ಎಳೆಯ ಜೋಳ ತಿಂದ ದನ ಹೊಟ್ಟೆ ಉಬ್ಬರಿಸಿ ಸಾಯಲು ಕಾರಣವಾಗುವ ಸಯನೈಡ್ ವಿಷವೇ ಇಲ್ಲದ ಉತ್ಪರಿವರ್ತಿತ ಜೋಳವೊಂದನ್ನು ಆಸ್ಟ್ರೇಲಿಯಾ ಮತ್ತು ಡೆನ್ಮಾರ್ಕ್ ವಿಜ್ಞಾನಿಗಳು 2012ರಲ್ಲಿ ವರದಿ ಮಾಡಿದರು.

ರೈತರಿಗೆ ಲಭ್ಯವಿರುವ ಉತ್ಪರಿವರ್ತಿತ ಮೇವಿನ ಜೋಳ

ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿ.ಒ.ಎಫ್.ಎಸ್-29 ಎಂಬ ಬಹುಕಟಾವಿನ ಮೇವಿನ ಜೋಳ ಕರ್ನಾಟಕದ ಹೈನುಗಾರರಿಗೆ ಪರಿಚಿತ. ಅದರ ಬೀಜ ತೆನೆಯಿಂದ ಬೇಗ ಉದುರುವುದು ಬೀಜೋತ್ಪಾದನೆಗೆ ತೊಡಕಾಗಿತ್ತು. ಈ ತಳಿಗೆ ಗಾಮಾ ಕಿರಣ ಹಾಯಿಸಿ ಆಯ್ಕೆ ಮಾಡಿದ ಸಿ.ಒ.ಎಫ್.ಎಸ್-31 ತಳಿ 2014ರಲ್ಲಿ ಬಿಡುಗಡೆಯಾಯಿತು. ನೀರಿನ ಅನುಕೂಲವಿರುವಲ್ಲಿ ಮೊದಲ ಕಟಾವು 65ರಿಂದ 70 ದಿನಗಳಿಗೆ, ಆಮೇಲೆ ಸುಮಾರು 50 ದಿನಗಳಿಗೊಮ್ಮೆ ಬರುತ್ತದೆ. ನರಗುಂದದ ಕಾಲುವೆ ಹೊಲಗಳ ಅಂಚಿಗೂ, ರೋಣ, ಗಜೇಂದ್ರಗಡದಲ್ಲಿ ಕೊಳವೆ ಬಾವಿ ಇರುವ ಹೈನುಗಾರರಿಗೂ ಇದು ಸೂಕ್ತ. ಮಳೆ ಆಶ್ರಿತ ಹೊಲದಲ್ಲಿ ಇದನ್ನು ನೆಚ್ಚುವಂತಿಲ್ಲ. ಕಾಳನ್ನೂ ಇದರಿಂದ ನಿರೀಕ್ಷಿಸಬಾರದು. ಹೂ ಬಿಡುವ ಮೊದಲು, ಅದರಲ್ಲೂ ನೀರಿಲ್ಲದೆ ಬಾಡಿದ ಪೈರನ್ನು, ದನಕ್ಕೆ ಹಾಕಕೂಡದು. ಜೋಳದ ಕೂಳೆಯ ಚಿಗುರನ್ನು ಮೇಯಲು ಬಿಡುವುದೂ ಅಪಾಯಕಾರಿ. ಕೊಯ್ದು ಚೆನ್ನಾಗಿ ಒಣಗಿಸಿದಾಗ ಸಯನೈಡ್ ಅಂಶ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಮಳೆ ಆಶ್ರಿತ ಹಿಂಗಾರಿಗೆ ತಳಿ ಮತ್ತು ಬೇಸಾಯ

ಆಳವಾದ ಎರೆ ಭೂಮಿಗೆ ಎಂ 35-1, ಮುಗುತಿ (5-4-1), ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿ.ಎಸ್.ವಿ-4, ಡಿ.ಎಸ್.ವಿ-5 ಮತ್ತು ವಿಜಯಪುರ ಕೇಂದ್ರದ ಬಿ.ಜೆ.ವಿ-44 ತಳಿಗಳು ಪರಿಚಿತವಾಗಿವೆ. ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ಮೊದಲ ಪಕ್ಷದೊಳಗೆ ಬಿತ್ತನೆ ಮುಗಿಸಬೇಕು. ತಡವಾದಷ್ಟೂ ಸುಳಿ ನೊಣದ ಬಾಧೆ ಹೆಚ್ಚು, ಕಾಳು ತುಂಬುವಾಗ ಹಸಿಯೂ ಇರುವುದಿಲ್ಲ. ಎಕರೆಗೆ 3 ಕಿ.ಗ್ರಾಂ. ಬೀಜ, ಸಾಲಿನಿಂದ ಸಾಲಿಗೆ 45 ಸೆಂ.ಮೀ. ಅಂತರ. ಬೀಜವನ್ನು ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ 8 ತಾಸು ನೆನೆಸಿ, ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಸಸಿಗಳು ಬರವನ್ನು ಹೆಚ್ಚು ತಾಳುತ್ತವೆ. ಕಾಡಿಗೆ ರೋಗಕ್ಕೆ ಪ್ರತಿ ಕಿ.ಗ್ರಾಂ. ಬೀಜಕ್ಕೆ 4 ಗ್ರಾಂ ಗಂಧಕ ಲೇಪಿಸಬೇಕು. ಮುಂಗಾರಿನಲ್ಲಿ ಖಾಲಿ ಇರುವ ಹೊಲಕ್ಕೆ ಚೌಕುಮಡಿ ಹಾಕಿ ಮಳೆ ನೀರು ಇಂಗಿಸುವುದು ಕಾಳಿಗೂ ಕಣಿಕೆಗೂ ಸಮಾನವಾಗಿ ಲಾಭಕರ.

ಸುಗ್ಗಿಯಲ್ಲಿ ಮೇವಿನ ಗುಣ ಕೆಡದಂತೆ ನೋಡಿಕೊಳ್ಳುವುದು ತಳಿಯ ಆಯ್ಕೆಯಷ್ಟೇ ಮುಖ್ಯ. ತೆನೆ ಮುರಿದ ಮೇಲೆ ದಂಟನ್ನು ಹೊಲದಲ್ಲಿ ವಾರಗಟ್ಟಲೆ ಬಿಟ್ಟರೆ ಗರಿ ಉದುರಿ, ಉತ್ತಮ ಭಾಗವೇ ಗಾಳಿಗೆ ಹೋಗುತ್ತದೆ. ಸಿವುಡು ಕಟ್ಟಿ, ನೆಲದ ತಂಪು ತಗಲದಂತೆ ಬಣವೆ ಒಟ್ಟಬೇಕು. ಇಡೀ ದಂಟನ್ನು ಹಾಕಿದರೆ ದನ ಗರಿ ಆರಿಸಿ ತಿಂದು ಬುಡವನ್ನು ಬಿಡುತ್ತದೆ. ಮೇವು ಕತ್ತರಿಸುವ ಯಂತ್ರದಿಂದ ತುಂಡು ಮಾಡಿದರೆ ಈ ನಷ್ಟ ತಪ್ಪುತ್ತದೆ. ಕಳಪೆ ಕಣಿಕೆ ಅಥವಾ ಭತ್ತದ ಹುಲ್ಲನ್ನೇ ನೆಚ್ಚಬೇಕಾದಾಗ 100 ಕಿ.ಗ್ರಾಂ. ಮೇವಿಗೆ 4 ಕಿ.ಗ್ರಾಂ. ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಸಮನಾಗಿ ಸಿಂಪಡಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟು ಉಪಚರಿಸಬಹುದು. ಯೂರಿಯಾ ದ್ರಾವಣದ ಪಾತ್ರೆಗೆ ದನ ಬಾಯಿ ಹಾಕದಂತೆ ಎಚ್ಚರ ವಹಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಈ ಮೇವು ಕೊಡಬಾರದು.

ಹೊಸ ತಳಿಯನ್ನು ಪರೀಕ್ಷಿಸುವ ವಿಧಾನ

ಉತ್ಪರಿವರ್ತಿತ ತಳಿಯಾಗಲಿ ಬೇರೆ ತಳಿಯಾಗಲಿ, ಮೊದಲ ವರ್ಷವೇ ಇಡೀ ಹೊಲಕ್ಕೆ ಬಿತ್ತುವುದು ಸೂಕ್ತವಲ್ಲ. ಒಂದೇ ಬಗೆಯ ಭೂಮಿಯಲ್ಲಿ, ಒಂದೇ ದಿನ, ಹೊಸ ತಳಿಯ ಹತ್ತು ಗುಂಟೆಯನ್ನು ಎಂ 35-1ರ ಹತ್ತು ಗುಂಟೆಯ ಪಕ್ಕದಲ್ಲಿ ಬಿತ್ತಬೇಕು. ರಾಶಿಯ ದಿನ ಕಾಳಿನೊಂದಿಗೆ ಒಣಗಿದ ಕಣಿಕೆಯನ್ನೂ ತೂಗಿ ಬರೆದಿಡಬೇಕು. ಎರಡೂ ಕಣಿಕೆಗಳನ್ನು ಒಂದೇ ಗೋದಲಿಯಲ್ಲಿ ಅಕ್ಕಪಕ್ಕ ಹಾಕಿ, ಮರುದಿನ ಉಳಿದ ಬುಡವನ್ನು ತೂಗಿದರೆ ದನದ ಅಭಿಪ್ರಾಯವೂ ತಿಳಿಯುತ್ತದೆ. ಮುಂದಿನ ವರ್ಷದ ಬೀಜವನ್ನು ಬೇರೆ ತಳಿಯ ಪರಾಗ ತಗಲುವ ಸಾಧ್ಯತೆ ಇರುವ ಅಂಚಿನ ಸಾಲುಗಳಿಂದ ತೆಗೆಯದೆ, ಪಟ್ಟಿಯ ನಡುವಿನ ನಿರೋಗಿ ಗಿಡಗಳ ತೆನೆಗಳಿಂದ ಆರಿಸಿಕೊಳ್ಳಬೇಕು. ತಳಿಗಳ ಪ್ರಾತ್ಯಕ್ಷಿಕೆ ಮತ್ತು ಬೀಜದ ಲಭ್ಯತೆಯ ವಿವರಗಳಿಗೆ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಮೇವಿನ ಬೀಜಗಳಿಗೆ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು.